ಕೂತಲ್ಲೇ ಮಾಡಿದ ಆತಿಥ್ಯ

ಜನವರಿಯ ಕೊನೆಯಲ್ಲಿ, ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗುವಾಗ, ನಮ್ಮದೇ ಡ್ರೈವ್‌ವೇಯಲ್ಲಿ ಜಾರಿ ಬಿದ್ದೆ. ಹಿಂದಿನ ದಿನ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಟಾರಿನ ಬಣ್ಣಕ್ಕೇ ತಿರುಗಿತ್ತು, ಕಣ್ಣಿಗೆ ಕಾಣುವಂತಿರಲಿಲ್ಲ. ಡಬ್ಬಿ ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಅಂಚಿನಲ್ಲಿ ನೆಟ್ಟಗೆ ನಿಂತಿತು. ನಾನು ನಿಲ್ಲಲಿಲ್ಲ. ಎಡಗಾಲಿನ ಗಿಣ್ಣಿನ ಹತ್ತಿರ ಎರಡು ಕಡೆ ಮೂಳೆ ಮುರಿದಿದೆ ಎಂದರು. ಆಪರೇಷನ್ ಮಾಡಿ, ಒಳಗೆ ಪ್ಲೇಟು ಕೂರಿಸಿ, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಒಂದೇ ಮಾತು ಹೇಳಿ ಮನೆಗೆ ಕಳಿಸಿದರು: ಈ ಕಾಲನ್ನು ನೆಲಕ್ಕೆ ಊರಲೇಬಾರದು.

ನಮ್ಮದು ಹಿಲ್ಸ್‌ಬರೋದಲ್ಲಿ ಒಂದು ಟೌನ್‌ಹೌಸ್. ಕೆಳಗೆ ಗರಾಜು ಮತ್ತು ಮುಂಬಾಗಿಲು, ನಡುವಿನ ಅಂತಸ್ತಿನಲ್ಲಿ ಹಾಲ್, ಊಟದ ಮೇಜು, ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆಗಳು. ಕೊಳ್ಳುವಾಗ ನಾವು ಬೆಳಕು ನೋಡಿದೆವು, ಸ್ಕೂಲು ನೋಡಿದೆವು, ಮೆಟ್ಟಿಲು ನೋಡಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ನನ್ನ ಗಂಡ ಮತ್ತು ಪಕ್ಕದ ಮನೆಯವಳು ಸೇರಿ ನನ್ನನ್ನು ನಡುವಿನ ಅಂತಸ್ತಿಗೆ ಏರಿಸಿದರು. ಅಲ್ಲಿಗೆ ಮುಗಿಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಾಲಿನಲ್ಲಿದ್ದ ದೊಡ್ಡ ರಿಕ್ಲೈನರ್ ಕುರ್ಚಿ, ಗುಂಡಿ ಒತ್ತಿದರೆ ಕಾಲೆತ್ತುವಂಥದ್ದು, ನನ್ನ ಹಾಸಿಗೆಯೂ ಆಫೀಸೂ ಊಟದ ಮನೆಯೂ ಆಯಿತು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿಯ ಕೆಲಸ ಮಾಡುತ್ತಿದ್ದೆ. ಬೇಸರವಾದರೆ ಕಿಟಕಿ. ಕಿಟಕಿಯಲ್ಲಿ ಸಾಲಾಗಿ ನಿಂತ ಅಂಚೆ ಡಬ್ಬಿಗಳು, ಎದುರು ಮನೆಯವರ ಗರಾಜಿನ ಬಾಗಿಲು, ದಿನಕ್ಕೆರಡು ಸಲ ಹಾದುಹೋಗುವ ಒಂದು ಬಿಳಿ ನಾಯಿ. ಆ ನಾಯಿ ಒಂದು ದಿನ ಬರಲಿಲ್ಲವೆಂದು ನಾನು ಅತ್ತಿದ್ದೂ ಉಂಟು.

ನನ್ನ ಗಂಡ ವಾರಕ್ಕೆ ಮೂರು ದಿನ ರೈಲು ಹಿಡಿದು ನ್ಯೂಯಾರ್ಕಿಗೆ ಹೋಗಬೇಕು. ನಾನೊಬ್ಬಳೇ ಇರುತ್ತೇನೆಂದು ಅವನು ಹಾಲಿನ ಮೂಲೆಯಲ್ಲಿ ಒಂದು ಪುಟ್ಟ ಕ್ಯಾಮರಾ ಇಟ್ಟ. ಫೋನಿನಲ್ಲಿ ನನ್ನನ್ನು ನೋಡಬಹುದು, ಅದರ ಮೂಲಕ ಮಾತೂ ಆಡಬಹುದು. ಪ್ರೀತಿಯಿಂದಲೇ ಇಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರಿನ ಬಾಟಲಿಗೆಂದು ಸ್ವಲ್ಪ ಬಗ್ಗಿದರೂ ಮೂಲೆಯಿಂದ ಅವನ ದನಿ ಬರುತ್ತಿತ್ತು. "ಯಾಕೆ ಬಗ್ತಾ ಇದೀಯ? ಹುಷಾರು!" ಮೊದಮೊದಲು ಉತ್ತರ ಕೊಡುತ್ತಿದ್ದೆ. ಆಮೇಲೆ ಕತ್ತು ಕೆರೆದುಕೊಳ್ಳುವುದಕ್ಕೂ ಹಿಂದೆಮುಂದೆ ನೋಡುವಂತಾಯಿತು.

ಹೀಗಿರುವಾಗ ಗೆಳತಿಯರ ಗ್ರೂಪಿನಲ್ಲಿ ಮೆಸೇಜು ಬಂತು. ಮಕ್ಕಳು ಕಾಲೇಜಿಗೆ ಹೋದ ಮೇಲೆ ನಾವು ನಾಲ್ಕು ಜನ ಸೇರಿ ಮಾಡಿಕೊಂಡಿದ್ದ ಗುಂಪು ಅದು. ಎರಡು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುವುದು, ಒಂದೊಂದು ಸಲ ಒಂದೊಂದು ದೇಶದ ವೈನು ರುಚಿ ನೋಡುವುದು, ಜೊತೆಗೆ ಆ ದೇಶದ ತಿಂಡಿ ಮಾಡುವುದು. ಇದರ ಮುಖ್ಯಸ್ಥೆ ಧಾರವಾಡದ ಗೆಳತಿ. ಎಡಿಸನ್‌ನಲ್ಲಿ ಅವಳ ಮನೆ. ಸಂಜೆಯ ಕ್ಲಾಸಿಗೆ ಹೋಗಿ ವೈನಿನ ಬಗ್ಗೆ ಓದಿಕೊಂಡು ಬಂದವಳು. ಎರಡನೆಯವಳು ಪಕ್ಕದ ಮನೆಯ ಮೈಸೂರಿನ ಹುಡುಗಿ; ಹುಡುಗಿ ಎಂದರೂ ನಲವತ್ತು ದಾಟಿದವಳೇ, ನನ್ನನ್ನು ಅಕ್ಕ ಎನ್ನುತ್ತಾಳೆ. ಮೂರನೆಯವಳು ಬೆಂಗಳೂರಿನ ಶಿವಾಜಿನಗರದವಳು, ಈಗ ಸಮರ್‌ಸೆಟ್‌ನಲ್ಲಿದ್ದಾಳೆ. ಅವಳು ಕುಡಿಯುವುದಿಲ್ಲ. ಮಾತಿಗೂ ಊಟಕ್ಕೂ ಬರುತ್ತಾಳೆ, ಕೊನೆಯಲ್ಲಿ ಧಾರವಾಡದವಳನ್ನು ಕಾರಿನಲ್ಲಿ ಮನೆ ಮುಟ್ಟಿಸುತ್ತಾಳೆ.

ಈ ಸಲ ಸ್ಪೇನಿನ ಸರದಿ. ಮಾಡಬೇಕಾದ್ದು ಧಾರವಾಡದವಳ ಮನೆಯಲ್ಲಿ. ಅವಳು ಬರೆದಿದ್ದಳು, "ಇಕಿ ಒಬ್ಬಾಕಿನ್ನ ಬಿಟ್ಟು ಮಾಡೋದು ಚಲೋ ಅಲ್ಲ. ಇಕಿ ಮನ್ಯಾಗ ಮಾಡೋಣು." ಉಳಿದಿಬ್ಬರೂ ಒಂದರ ಹಿಂದೊಂದು ಹೃದಯದ ಚಿತ್ರ ಹಾಕಿದರು.

ನನಗೆ ಬೇಡವಾಗಿತ್ತು. ತಲೆ ತೊಳೆದು ವಾರವಾಗಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದರು, ಅದರ ಜೊತೆ ಕುಡಿಯಬೇಡಿ ಎಂದಿದ್ದರು. ಮನೆ ತುಂಬ ಜನ ಓಡಾಡುವಾಗ ಗಂಟೆಗಟ್ಟಲೆ ಕೂತು ನಗಬೇಕಲ್ಲ ಎಂದು ನೆನೆದೇ ಸುಸ್ತಾಯಿತು. ಧಾರವಾಡದವಳಿಗೆ ಫೋನ್ ಮಾಡಿ ಹೇಳಿದೆ.

"ನನಗೆ ಆಗಲ್ಲ ಕಣೆ. ಎದ್ದು ಒಂದು ಲೋಟ ನೀರು ಕೊಡೋಕೂ ಆಗಲ್ಲ. ಅದೇನು ಆತಿಥ್ಯ?"

"ಯು ಡೋಂಟ್ ಹ್ಯಾವ್ ಟು ಲಿಫ್ಟ್ ಎ ಫಿಂಗರ್," ಎಂದಳು. "ನೀ ಸುಮ್ನ ಕೂಡು. ಎಲ್ಲಾ ನಾವ ಮಾಡ್ತೀವಿ."

"ಅದಕ್ಕಲ್ಲ..."

"ಅದಕ್ಕಲ್ಲ ಅಂದ್ರ ಮತ್ತ್ಯಾಕ? ನಿನಗ ಬ್ಯಾಸರಾಗಿರ್ತದ, ನನಗ ಗೊತ್ತದ. ಶನಿವಾರ ಮಧ್ಯಾಹ್ನ ಬರ್ತೀವಿ."

ಇಷ್ಟು ಒಳ್ಳೆಯದನ್ನು ಬಯಸುವವರಿಗೆ ಬೇಡ ಎನ್ನುವುದು ಹೇಗೆ? ಬಿದ್ದ ದಿನ ಆಸ್ಪತ್ರೆಗೆ ಓಡಿಬಂದವರು ಇವರೇ. ಆಮೇಲಿನ ಊಟವೆಲ್ಲ ಇವರ ಮನೆಗಳಿಂದಲೇ ಬಂದದ್ದು. ಸರಿ ಎಂದು ಫೋನಿಟ್ಟೆ. ಇಟ್ಟ ಮೇಲೆ ಪ್ಲಾಸ್ಟರಿನೊಳಗೆ ತುರಿಕೆ ಶುರುವಾಯಿತು, ಸಂಜೆಯವರೆಗೂ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ಮೂವರೂ ಬಂದರು. ನನ್ನ ಗಂಡ, "ಲೇಡೀಸ್ ಮಧ್ಯೆ ನಾನ್ಯಾಕೆ," ಎಂದು ನಗುತ್ತ ಕ್ಷೌರಕ್ಕೂ ಸಾಮಾನಿಗೂ ಎಡಿಸನ್‌ಗೆ ಹೊರಟ. ಎಲ್ಲರೂ ಕೆಳಗೆ ಮುಂಬಾಗಿಲಲ್ಲಿ ಬೂಟು, ಕೋಟು ಬಿಚ್ಚಿಟ್ಟು ಮೇಲೆ ಹತ್ತಿದರು. ಧಾರವಾಡದವಳು ಕೆಂಪು ಶಾಲು ಹೊದ್ದು, ಕಿವಿಗೆ ದೊಡ್ಡ ದೊಡ್ಡ ಲೋಲಾಕು ಹಾಕಿಕೊಂಡು ಬಂದಿದ್ದಳು. ಬಂದವಳೇ ಸೊಂಟಕ್ಕೆ ಕೈಕೊಟ್ಟು ಹಾಲನ್ನೊಮ್ಮೆ ನೋಡಿದಳು.

"ಈ ವಾಕರ್ ನಡುವ ಅಡ್ಡ ಬರ್ತದ," ಎಂದು, ನನ್ನ ಕೈಗೆ ಎಟುಕುವಂತೆ ನಿಲ್ಲಿಸಿದ್ದ ವಾಕರನ್ನು ಮಡಿಚಿ ಮೆಟ್ಟಿಲಿಳಿದು ಕೆಳಗಿಟ್ಟು ಬಂದಳು.

"ಅದು ಇಲ್ಲೇ ಇರಲಿ ಕಣೆ."

"ಯಾಕ ಬೇಕು? ನಾವ ಇದ್ದೀವಲ್ಲ."

ಅವಳು ಹೇಳಿದ್ದು ನಿಜವೇ. ಅವರಿದ್ದರು. ಕುರ್ಚಿಯ ಬಲಕ್ಕೆ ಒಬ್ಬಳು, ಎಡಕ್ಕೆ ಒಬ್ಬಳು, ಅಡುಗೆಮನೆಯಲ್ಲಿ ಒಬ್ಬಳು. ಅಡುಗೆಮನೆಯಿಂದ ಡ್ರಾಯರುಗಳು ತೆಗೆದು ಮುಚ್ಚುವ ಸದ್ದು. "ಅಕ್ಕ, ಸಣ್ಣ ತಟ್ಟೆ ಎಲ್ಲಿ? ಅಕ್ಕ, ಇದ್ಯಾಕೆ ಇಲ್ಲಿದೆ? ಇಲ್ಲಿಟ್ಟಿದೀನಿ, ಆಯ್ತಾ?" ನನ್ನ ಮನೆಯ ಸಾಮಾನೆಲ್ಲ ಒಂದೊಂದಾಗಿ ಜಾಗ ಬದಲಿಸುವುದನ್ನು ಕೂತಲ್ಲಿಂದ ಕಿವಿಯಲ್ಲೇ ಕೇಳುತ್ತಿದ್ದೆ. ಸಾಸಿವೆ ಡಬ್ಬಿಯ ಮುಚ್ಚಳದ ಸದ್ದು ನನಗೆ ಗೊತ್ತು. ಅದು ಎಂದೂ ಇರದಿದ್ದ ಮೂಲೆಯಿಂದ ಬಂತು.

ಊಟದ ಮೇಜನ್ನು ಎಳೆದು ನನ್ನ ಹತ್ತಿರಕ್ಕೆ ತಂದರು. ಸ್ಪೇನಿನ ನಕಾಶೆ ಹಾಸಿ, ಅದರ ಮೇಲೆ ಆಯಾ ಪ್ರಾಂತ್ಯದ ಬಾಟಲಿಯನ್ನು ಆಯಾ ಜಾಗದಲ್ಲಿ ನಿಲ್ಲಿಸಿದರು. ಕಟಲೋನಿಯಾದ್ದು ನೊರೆಯೇಳುವ ಕಾವಾ. ವಾಯವ್ಯದ ಮೂಲೆಯ ಗಲೀಸಿಯಾದ್ದು ಬಿಳಿ ವೈನು. ರಿಯೋಹಾದ್ದು ಕೆಂಪು. ದಕ್ಷಿಣದ ತುದಿಯ ಹೆರೆಜ್‌ನದ್ದು ಕಂದು ಬಣ್ಣದ ಶೆರಿ. ಶಿವಾಜಿನಗರದವಳು ತಾನು ತಂದಿದ್ದ ದಾಳಿಂಬೆ ರಸದ ಬಾಟಲಿಯನ್ನು ಮೆಲ್ಲಗೆ, ದಾಳಿಂಬೆಯೆಂದೇ ಹೆಸರಿರುವ ಗ್ರಾನಡಾ ಊರಿನ ಮೇಲಿಟ್ಟು, "ನಂದೂ ಒಂದು ಪ್ರಾಂತ್ಯ ಇರಲಿ," ಎಂದಳು. ಅವಳೊಬ್ಬಳು ಮಾತ್ರ ನನ್ನ ಮುಖ ನೋಡಿ, "ಸುಸ್ತಾಗಿದೀಯಾ?" ಎಂದು ಕೇಳಿದಳು. ಇಲ್ಲ ಎಂದೆ.

ಧಾರವಾಡದವಳು ಮೊದಲ ಗ್ಲಾಸನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಕುಡೀಬ್ಯಾಡ, ಬರೇ ಮೂಸು. ಏನ್ ವಾಸನಿ ಬರ್ತದ ಹೇಳು."

ಬೇರೆ ದಾರಿಯಿರಲಿಲ್ಲ. ಮೂಸಿದೆ. ಗಲೀಸಿಯಾದ ಬಿಳಿಯಲ್ಲಿ ಒದ್ದೆ ಸ್ಲೇಟಿನ ವಾಸನೆಯಿತ್ತು. ಚಿಕ್ಕಂದಿನಲ್ಲಿ ಉಗುಳು ಹಚ್ಚಿ ಒರೆಸುತ್ತಿದ್ದ ಸ್ಲೇಟು. ಜೊತೆಗೆ ಹೇರಳೆಕಾಯಿ ಸಿಪ್ಪೆ. ಹಾಗೆಂದೇ ಹೇಳಿದೆ. ಅವರಿಗೆ ಖುಷಿಯಾಯಿತು. ಒಂದೊಂದು ಗುಟುಕು ಕುಡಿದು, "ಹೌದಲ್ಲ! ಸ್ಲೇಟು!" ಎಂದರು. ರಿಯೋಹಾ ಮೂಸಿದಾಗ ನಮ್ಮ ತಾತನ ನಶ್ಯದ ಡಬ್ಬಿ ನೆನಪಾಯಿತು. ಅದನ್ನೂ ಹೇಳಿದೆ, ಎಲ್ಲರೂ ನಕ್ಕರು. ಅವರು ಕುಡಿಯುವುದು, ನಾನು ಮೂಸುವುದು. ಗ್ಲಾಸು ಮೂಗಿನ ತನಕ ಬಂದು ಹಿಂದೆ ಹೋಗುತ್ತಿತ್ತು. ನನ್ನ ತಲೆ ನೋಯತೊಡಗಿತು. ಮೂಲೆಯಿಂದ ಕ್ಯಾಮರಾ ಬೇರೆ, "ಎಂಜಾಯ್ ಮಾಡ್ತಾ ಇದೀರಾ ಎಲ್ರೂ?" ಎಂದಿತು. ಮೂವರೂ ಅದಕ್ಕೆ ಕೈಬೀಸಿದರು.

ಇಷ್ಟರಲ್ಲಿ ನನಗೆ ಬಾತ್‌ರೂಮಿಗೆ ಹೋಗಬೇಕಾಗಿತ್ತು. ಹೇಳಲು ಮನಸ್ಸು ಬರದೆ ತಡೆದುಕೊಂಡಿದ್ದೆ. ವಾಕರ್ ಇದ್ದಿದ್ದರೆ ಹೇಗೋ ಒಂದು ಕಾಲಿನಲ್ಲಿ ಕುಪ್ಪಳಿಸಿಕೊಂಡು ಹೋಗಿಬಿಡುತ್ತಿದ್ದೆ. ಕೊನೆಗೆ ಪಕ್ಕದ ಮನೆಯವಳನ್ನು ಹತ್ತಿರ ಕರೆದು, ವಾಕರ್ ತಂದುಕೊಡು ಎಂದು ಮೆಲ್ಲಗೆ ಹೇಳಿದೆ. ಧಾರವಾಡದವಳ ಕಿವಿಗೆ ಅದು ಬಿತ್ತು. "ವಾಕರ್ ಯಾಕ, ನನ್ನ ಹೆಗಲ ಹಿಡಿ!" ಎಂದಳು. ಒಬ್ಬೊಬ್ಬರ ಹೆಗಲ ಮೇಲೆ ಒಂದೊಂದು ಕೈ ಹಾಕಿ, ಮೆರವಣಿಗೆಯಲ್ಲಿ ಹೋಗುವಂತೆ ಹೋದೆ. ಬಾಗಿಲನ್ನು ಪೂರ್ತಿ ಹಾಕಲು ಬಿಡಲಿಲ್ಲ, ಬಿದ್ದುಬಿಟ್ಟರೆ ಎಂದು. ಧಾರವಾಡದವಳು ಹೊರಗೆ ನಿಂತು, "ಆತೇನು?" ಎಂದು ಕೇಳುತ್ತಲೇ ಇದ್ದಳು. ನನಗೆ ಐವತ್ತನಾಲ್ಕು ವರ್ಷ. ಸಿಂಕಿನ ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಂಡು ಕೂತೆ. ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಂಡು ಹೊರಗೆ ಬಂದು ಮತ್ತೆ ಕುರ್ಚಿ ಸೇರಿದೆ.

ಆಮೇಲೆ ಮೆಣಸಿನಕಾಯಿಯ ಪ್ರಸಂಗ. ಸ್ಪೇನಿನಲ್ಲಿ ಸಣ್ಣ ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಮೇಲೆ ಉಪ್ಪಿನ ಹರಳು ಉದುರಿಸಿ ವೈನಿನ ಜೊತೆ ತಿನ್ನುತ್ತಾರಂತೆ. ಅದು ಖಾರವಿಲ್ಲದ ಜಾತಿ. ಸಿಗಲಿಲ್ಲವೆಂದು ಧಾರವಾಡದವಳು ಎಡಿಸನ್‌ನ ನಮ್ಮವರ ಅಂಗಡಿಯಿಂದ ಚೋಟುದ್ದದ ಹಸಿಮೆಣಸಿನಕಾಯಿ ತಂದಿದ್ದಳು. ಪಕ್ಕದ ಮನೆಯವಳು ನನ್ನ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಚೆನ್ನಾಗಿ ಕಾಯಿಸಿ ಅವಷ್ಟನ್ನೂ ಒಟ್ಟಿಗೆ ಸುರಿದಳು.

ಚಟಪಟ ಎಂದು ಸಿಡಿಯುವುದು ಕೇಳಿಸಿತು. ಒಂದು ಕ್ಷಣ ಬಿಟ್ಟು ಘಾಟು ಬಂತು. ಈ ದೇಶದ ಟೌನ್‌ಹೌಸುಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಒಂದು ಸುತ್ತು ಸುತ್ತಿಸಿ ಮುಖಕ್ಕೇ ಊದುತ್ತದೆ. ಮೊದಲು ಪಕ್ಕದ ಮನೆಯವಳು ಕೆಮ್ಮಿದಳು, ಆಮೇಲೆ ಎಲ್ಲರೂ. ಶಿವಾಜಿನಗರದವಳಿಗೆ ಮೊದಲೇ ಉಬ್ಬಸ. ಅವಳು ಎದೆ ಹಿಡಿದುಕೊಂಡಳು. "ಹೊರಗ ನಡೀರಿ, ಹೊರಗ!" ಎಂದು ಧಾರವಾಡದವಳು ಅಡುಗೆಮನೆಗೆ ಅಂಟಿಕೊಂಡ ಗಾಜಿನ ಜಾರುಬಾಗಿಲು ಸರಿಸಿ ಇಬ್ಬರನ್ನೂ ಹೊರಗಿನ ಮರದ ಡೆಕ್ಕಿಗೆ ತಳ್ಳಿದಳು. ನನ್ನತ್ತ ತಿರುಗಿ, "ಒಂದ್ ನಿಮಿಷ, ಬಂದ್ವಿ!" ಎಂದು ಕೂಗಿ ತಾನೂ ಹೋದಳು. ಚಳಿಗಾಳಿ ನನ್ನ ಮೇಲೆ ಬೀಳುವುದು ಬೇಡವೆಂದು ಬಾಗಿಲನ್ನು ಎಳೆದು ಮುಚ್ಚಿದಳು.

ಆ ಬಾಗಿಲಿಗೆ ಕಳ್ಳರ ಭಯಕ್ಕೆಂದು ಒಳಗಡೆ ಒಂದು ಅಡ್ಡಪಟ್ಟಿ ಇದೆ. ಬಾಗಿಲು ತೆರೆಯುವಾಗ ಅದನ್ನು ಮೇಲಕ್ಕೆತ್ತಿ ಕೊಂಡಿಗೆ ಸಿಗಿಸಿಡಬೇಕು. ಕೊಂಡಿ ಸವೆದು ಹೋಗಿತ್ತು. ಬಾಗಿಲು ಬಡಿದ ರಭಸಕ್ಕೆ ಪಟ್ಟಿ ಬಿಟ್ಟುಕೊಂಡು ಟಕ್ಕೆಂದು ಅಡ್ಡ ಬಿತ್ತು.

ನಮ್ಮ ಡೆಕ್ಕು ನೆಲದಿಂದ ಒಂದು ಅಂತಸ್ತು ಮೇಲೆ, ಕಂಬಗಳ ಮೇಲೆ ನಿಂತಿದೆ. ಇಳಿಯಲು ಮೆಟ್ಟಿಲಿಲ್ಲ. ಅದರ ತುಂಬ ಹಿಮ. ಮೂವರೂ ಕಾಲುಚೀಲದಲ್ಲಿದ್ದರು. ಫೋನುಗಳು ಮೂರೂ ಒಳಗೆ, ಸ್ಪೇನಿನ ಪಕ್ಕದಲ್ಲಿ.

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಧಾರವಾಡದವಳು ಬಾಗಿಲು ಎಳೆದಳು. ಇನ್ನೊಮ್ಮೆ ಎಳೆದಳು. ಆಮೇಲೆ ಗಾಜಿಗೆ ಎರಡೂ ಕೈ ಹಚ್ಚಿ ಒಳಗೆ ನೋಡಿದಳು. ಹೊಗೆಯ ನಡುವೆ ನಮ್ಮಿಬ್ಬರ ಕಣ್ಣು ಕೂಡಿದವು. ಅವಳ ಬಾಯಿ ಆಡಿತು, ಮಾತು ಕೇಳಿಸಲಿಲ್ಲ. ಅಷ್ಟರಲ್ಲಿ ಸೂರಿನ ಹೊಗೆ ಅಲಾರಮ್ಮು ಬಡಿದುಕೊಳ್ಳಲು ಶುರುಮಾಡಿತ್ತು. ಮೇಲಿನ ಅಂತಸ್ತಿನದೂ, ಕೆಳಗಿನದೂ ದನಿ ಸೇರಿಸಿದವು.

ಒಲೆ ಉರಿಯುತ್ತಲೇ ಇತ್ತು.

ವಾಕರಿಗೆಂದು ಕೈ ಚಾಚಿದೆ. ಇರಲಿಲ್ಲ. ಕುರ್ಚಿಯ ಗುಂಡಿ ಒತ್ತಿದೆ. ಅದಕ್ಕೆ ಅವಸರವೆಂಬುದು ಗೊತ್ತಿಲ್ಲ. ಜುಂಯ್ ಎನ್ನುತ್ತ ಎಂದಿನ ನಿಧಾನದಲ್ಲೇ ಬೆನ್ನೆತ್ತಿ, ಕಾಲಿಳಿಸಿತು. ನಾನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅದು ಇಳಿಯುವುದನ್ನೇ ಕಾದೆ. ಆಮೇಲೆ ಕೈಯೂರಿ ನೆಲಕ್ಕೆ ಜಾರಿದೆ. ಬಿದ್ದ ದಿನದಿಂದ ನೆಲದ ಮೇಲೆ ಕೂತದ್ದು ಅದೇ ಮೊದಲು. ಕೆಳಗೆ ಘಾಟು ಕಡಿಮೆಯಿತ್ತು. ಅಡುಗೆಮನೆಗೆ ಬೆನ್ನು ಮಾಡಿ, ಎರಡೂ ಅಂಗೈ ಹಿಂದಕ್ಕೂರಿ, ಬಲಗಾಲಿನಿಂದ ಒದ್ದುಕೊಳ್ಳುತ್ತ, ಪ್ಲಾಸ್ಟರಿನ ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡು ಹಿಂದೆ ಹಿಂದೆ ತೆವಳಿದೆ.

ಮೂಲೆಯಿಂದ ನನ್ನ ಗಂಡನ ದನಿ ಕೇಳಿಸಿತು. "ಏನದು ಸೌಂಡು? ಯಾಕೆ ಕೆಳಗಿದೀಯ? ಬಿದ್ಯಾ? ಅಲ್ಲೇ ಇರು! ಅಲ್ಲಾಡ್ಬೇಡ!"

"ಒಲೆ ಆರಿಸ್ಬೇಕು!" ಎಂದು ಕೂಗಿದೆ.

"ಅವ್ರೆಲ್ಲ ಎಲ್ಲಿ? ಅವ್ರಿಗೆ ಹೇಳು! ನೀನು ಏಳ್ಬೇಡ!"

"ಅವ್ರು ಆಚೆ ಸಿಕ್ಕಾಕೊಂಡಿದಾರೆ!"

"ಏಳ್ಬೇಡ ಅಂದ್ನಲ್ಲ!"

ಮೇಜಿನ ಮೇಲೆ ಫೋನುಗಳು ಒಂದಾದ ಮೇಲೊಂದು ಗುರ್ರ್ ಎಂದವು. ಅವನೇ ಎಲ್ಲರಿಗೂ ಫೋನ್ ಮಾಡುತ್ತಿದ್ದ. ನಾನು ಉತ್ತರ ಕೊಡುವುದನ್ನು ಬಿಟ್ಟೆ. ಕಾರ್ಪೆಟ್ಟು ಅಂಗೈ ಸುಡುತ್ತಿತ್ತು. ಅದು ಮುಗಿದು ಅಡುಗೆಮನೆಯ ನುಣುಪು ನೆಲ ಬಂದಾಗ ಸಲೀಸಾಗಿ ಜಾರಿದೆ. ಒಲೆಯ ಮುಂದೆ ಬಲ ಮೊಣಕಾಲೂರಿ, ಕೆಳಗಿನ ಓವನ್‌ನ ಬಾಗಿಲಿನ ಹಿಡಿ ಹಿಡಿದು ಮೈಯೆತ್ತಿ, ಉಸಿರು ಬಿಗಿಹಿಡಿದು ಗುಬಟು ತಿರುಗಿಸಿದೆ. ಉರಿ ಆರಿತು. ಬಾಣಲೆಯಲ್ಲಿ ಮೆಣಸಿನಕಾಯಿಯೆಲ್ಲ ಇದ್ದಿಲಾಗಿತ್ತು.

ಅಲ್ಲಿಂದ ಬಾಗಿಲಿಗೆ ನಾಲ್ಕು ಮಾರು. ಗಾಜಿನಾಚೆ ಮೂವರೂ ಒಂದು ಕಾಲಾದ ಮೇಲೆ ಇನ್ನೊಂದು ಕಾಲೆತ್ತಿ ಕುಣಿಯುತ್ತಿದ್ದರು. ಧಾರವಾಡದವಳು ತನ್ನ ಕೆಂಪು ಶಾಲನ್ನು ಹಿಮದ ಮೇಲೆ ಹಾಸಿ, ಶಿವಾಜಿನಗರದವಳನ್ನು ಅದರ ಮೇಲೆ ನಿಲ್ಲಿಸಿದ್ದಳು. ತಾನು ಬರಿಯ ಹಿಮದಲ್ಲಿದ್ದಳು. ನಾನು ತೆವಳಿಕೊಂಡು ಬರುತ್ತಿರುವುದನ್ನು ಕಂಡು ಎರಡೂ ಕೈಯಾಡಿಸಿ ಬೇಡ, ಬೇಡ ಎಂದಳು. ಆಮೇಲೆ ಬೇರೇನೂ ದಾರಿಯಿಲ್ಲವೆಂದು ಅವಳಿಗೂ ಹೊಳೆದಿರಬೇಕು, ಕೈ ಇಳಿಸಿದಳು. ನಾನು ಗೋಡೆಗೊರಗಿ ಕೂತು ಕೈ ಚಾಚಿ ಪಟ್ಟಿಯನ್ನು ಮೇಲಕ್ಕೆ ತಳ್ಳಿದೆ. ಸವೆದ ಕೊಂಡಿಗೆ ಅದು ನಿಲ್ಲಲಿಲ್ಲ. ಹಿಡಿದುಕೊಂಡೇ ಇದ್ದು, ತಲೆಯಾಡಿಸಿ ಎಳೆಯಿರಿ ಎಂದೆ.

ಬಾಗಿಲು ತೆರೆಯಿತು. ಹೊಗೆಯೆಲ್ಲ ನನ್ನ ತಲೆಯ ಮೇಲಿಂದ ಹೊರಗೆ ಹೋಯಿತು. ಚಳಿ ಒಳಗೆ ಬಂತು. ಪಕ್ಕದ ಮನೆಯವಳು ಅಳುತ್ತಿದ್ದಳು. "ಅಕ್ಕ, ನಂದೇ ತಪ್ಪು ಅಕ್ಕ." ಶಿವಾಜಿನಗರದವಳು ನನ್ನ ಪಕ್ಕ ಕುಕ್ಕರಿಸಿ, ಏದುಸಿರಿನಲ್ಲೇ ಪ್ಲಾಸ್ಟರನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿದಳು. "ಯಾ ಅಲ್ಲಾ, ಏನೂ ಆಗಿಲ್ಲ ತಾನೆ? ನೋವಿದ್ಯಾ?" ಧಾರವಾಡದವಳು ಹಿಂದಿನಿಂದ ನನ್ನ ಎರಡೂ ಕಂಕುಳಿಗೆ ಕೈಕೊಟ್ಟಳು.

"ಏಳು. ಹಿಡೀರಿ ಆಕಿನ್ನ. ಕುರ್ಚಿಗೆ ಒಯ್ಯೋಣು."

"ಬಿಡು," ಎಂದೆ.

"ಏನ್ ಬಿಡು? ನೆಲಾ ಥಂಡಿ ಅದ. ಏಳು."

"ಕೈ ಬಿಡು ಅಂದೆ!"

ನಾನು ಹಾಗೆ ಕೂಗಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅಲಾರಮ್ಮು ಅದೇ ಹೊತ್ತಿಗೆ ನಿಂತದ್ದರಿಂದ ಅದು ಇನ್ನೂ ಜೋರಾಗಿ ಕೇಳಿಸಿತು. ಧಾರವಾಡದವಳು ಕೈ ತೆಗೆದಳು. ನಾನು ಹೊಸ್ತಿಲ ಪಕ್ಕದಲ್ಲಿ ಕೂತೇ ಇದ್ದೆ. ಮುಖಕ್ಕೆ ಹೊರಗಿನ ಗಾಳಿ ಹೊಡೆಯುತ್ತಿತ್ತು. ಎಷ್ಟೋ ದಿನದ ಮೇಲೆ. ಹಿಂದಿನ ಸಾಲಿನ ಮನೆಗಳು, ಬೋಳು ಮರ, ಯಾರದೋ ಹಿತ್ತಲಿನಲ್ಲಿ ಹಿಮದಲ್ಲಿ ಅರ್ಧ ಹೂತ ಮಕ್ಕಳ ಉಯ್ಯಾಲೆ. ಇವೆಲ್ಲ ಹಾಲಿನ ಕಿಟಕಿಗೆ ಕಾಣುವುದಿಲ್ಲ.

"ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ," ಎಂದೆ, ಮೆಲ್ಲಗೆ. "ಯಾರಾದ್ರೂ ನನ್ನ ವಾಕರ್ ತಂದುಕೊಡಿ."

ಶಿವಾಜಿನಗರದವಳು ಇಳಿದುಹೋಗಿ ತಂದಳು. ಪಕ್ಕದ ಮನೆಯವಳು ಎಲ್ಲರ ಕೋಟು ತಂದಳು, ನನ್ನ ಹೆಗಲಿಗೆ ಒಂದು ಕಂಬಳಿ ಹೊದಿಸಿದಳು. ಅವರೂ ನೆಲದ ಮೇಲೆ ಕೂತು ಪಾದ ಉಜ್ಜಿಕೊಂಡರು. ಧಾರವಾಡದವಳು ಮಾತ್ರ ನಿಂತೇ ಇದ್ದಳು. ಬಾಣಲೆಯನ್ನು ಡೆಕ್ಕಿನ ಹಿಮದಲ್ಲಿಟ್ಟು ಬಂದು, ಬಟ್ಟಲು ತೊಳೆಯುತ್ತ, ಬೆನ್ನು ತೋರಿಸಿಕೊಂಡು ಇದ್ದುಬಿಟ್ಟಳು. ಶೆರಿಯ ಬಾಟಲಿ ಬಿರಡೆ ತೆಗೆಯದೆ ಹಾಗೇ ಉಳಿಯಿತು.

ನನ್ನ ಗಂಡ ಅರ್ಧ ಕ್ಷೌರದಲ್ಲಿ ಎದ್ದು ಬಂದಿದ್ದ. ಬಂದವನೇ ಮೊದಲು ಡೆಕ್ಕಿನ ಬಾಗಿಲು ಮುಚ್ಚಿದ. ಆಮೇಲೆ ಎಲ್ಲರೂ ಸೇರಿ ನನ್ನನ್ನು ಕುರ್ಚಿಗೆ ಏರಿಸಿದರು, ನಾನು ಏರಿಸಿಕೊಂಡೆ. ಹೋಗುವಾಗ ಧಾರವಾಡದವಳು ಹೇಳಿದ್ದು ಒಂದೇ ಮಾತು. "ಮಾತ್ರಿ ತಗೊ."

ಸೋಮವಾರ ನನ್ನನ್ನು ಹೇಗೋ ಕೆಳಗಿಳಿಸಿ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಹಿಮ್ಮಡಿಯ ಹತ್ತಿರ ಪ್ಲಾಸ್ಟರ್ ಬಿರುಕು ಬಿಟ್ಟಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿ, ಇನ್ನೂ ಒಂದು ತಿಂಗಳು ಹೀಗೇ ಎಂದರು. ಮನೆಗೆ ಬರುವಾಗ ನನ್ನ ಗಂಡ ಕಾರಿನಲ್ಲಿ, "ನಾನು ಏಳ್ಬೇಡ ಅಂತ ಹೇಳಿದ್ದೆ," ಎಂದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ನೀನು ಎದ್ದಿಲ್ದಿದ್ರೆ..." ಎಂದ.

ಗ್ರೂಪಿನಲ್ಲಿ ಮೆಸೇಜು ನಿಂತುಹೋಯಿತು. ಪಕ್ಕದ ಮನೆಯವಳು ದಿನಾ ಬಂದು ಕ್ಷಮೆ ಕೇಳುತ್ತಿದ್ದಳು, ಅದೂ ಒಂದು ಹಿಂಸೆಯೇ ಆಯಿತು. ಧಾರವಾಡದವಳ ಸುದ್ದಿಯಿಲ್ಲ. ಹಳೆಯ ಗೆಳತಿಯನ್ನು ಒಂದು ಕೂಗಿನಿಂದ ಕಳೆದುಕೊಂಡೆನೇನೋ ಎಂದು ಕುರ್ಚಿಯಲ್ಲಿ ಕೂತು ಕೊರಗಿದೆ. ಎದ್ದು ಅವಳ ಮನೆಗೆ ಹೋಗುವಂತಿಲ್ಲ. ಫೋನಿನಲ್ಲಿ ಹೇಳುವ ಮಾತೂ ಅದಾಗಿರಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ ಅವಳೇ ಬಂದಳು. ಕೈಯಲ್ಲಿ ಡಬ್ಬಿಯಿಲ್ಲ, ಚೀಲವಿಲ್ಲ. ಬರಿಗೈಯಲ್ಲಿ ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಎದುರಿನ ಸೋಫಾದಲ್ಲಿ ಕೂತಳು. ವಾಕರ್ ಅವಳ ಮೊಣಕಾಲಿಗೆ ತಾಗುವಂತಿತ್ತು, ಅದನ್ನು ಮುಟ್ಟಲಿಲ್ಲ.

"ಅವತ್ತು ನಿನಗ ಬ್ಯಾಡಾಗಿತ್ತೇನು?" ಎಂದು ಕೇಳಿದಳು. "ನಾವು ಬರೋದು."

"ಹೌದು," ಎಂದೆ.

"ಮದಲ ಹೇಳಬೇಕಿಲ್ಲೇನು?"

"ಹೇಳೋಕೆ ಬಿಟ್ಯಾ ನೀನು?"

ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ. ಕೈಬೆರಳು ನೋಡಿಕೊಳ್ಳುತ್ತ ಹೇಳಿದಳು, "ನಿನಗ ಬ್ಯಾಸರಾಗೇದ ಅಂತ ನಾನಽ ಅಂದ್ಕೊಂಡೆ. ನನಗ ಆಗಿತ್ತು ಅದು. ಶನಿವಾರ ಬಂತಂದ್ರ ನಮ್ಮನಿ ನನ್ನ ತಿನ್ನಲಿಕ್ಕೆ ಬರ್ತದ."

ಅವಳ ಗಂಡನಿಗೆ ಎರಡು ವರ್ಷದಿಂದ ಟೆಕ್ಸಸ್‌ನಲ್ಲಿ ಕೆಲಸ. ತಿಂಗಳಿಗೊಮ್ಮೆ ಬಂದು ಹೋಗುತ್ತಾನೆಂದು ನಾವೆಲ್ಲ ತಿಳಿದಿದ್ದೆವು. ಅವಳೂ ಹಾಗೇ ಹೇಳುತ್ತಿದ್ದಳು.

"ಹೋದ ದೀಪಾವಳಿಯಿಂದ ಬಂದಿಲ್ಲ," ಎಂದಳು. "ಬರೂದೂ ಇಲ್ಲ. ಜಗಳಾ ಇಲ್ಲ, ಏನಿಲ್ಲ. ಬರೂದಿಲ್ಲ, ಅಷ್ಟ. ಮನಿ ಮಾರಿ ಸಣ್ಣ ಅಪಾರ್ಟ್‌ಮೆಂಟಿಗೆ ಹೋಗ್ತೀನಿ ಅಂದ್ರ ಆತನ ಸಹಿ ಬೇಕು. ನೋಡೋಣು, ನೋಡೋಣು ಅಂತಾನ. ಮಗಳಿಗೂ ಹೇಳಿಲ್ಲ. ಅಲ್ಲಿ ಇರಲಿಕ್ಕೂ ಆಗವಲ್ದು, ಬಿಟ್ಟು ಹೋಗಲಿಕ್ಕೂ ಆಗವಲ್ದು."

ಸಮಾಧಾನದ ಮಾತುಗಳು ನಾಲಿಗೆಯ ತುದಿಗೇ ಬಂದವು. ಎಲ್ಲ ಸರಿಹೋಗುತ್ತದೆ, ನಾವಿದ್ದೇವಲ್ಲ, ಶನಿವಾರ ಇಲ್ಲಿಗೇ ಬಂದುಬಿಡು. ಅವು ಇಷ್ಟು ದಿನ ನನಗೆ ಹೇಳಿದ ಮಾತುಗಳೇ. ನುಂಗಿಕೊಂಡೆ.

"ನಿದ್ದೆ ಮಾಡ್ತೀಯಾ ಸರಿಯಾಗಿ?" ಎಂದು ಕೇಳಿದೆ.

"ಎಲ್ಲೀ ನಿದ್ದಿ."

"ಹಾಗಾದ್ರೆ ಸ್ವಲ್ಪ ಮಲ್ಕೊ. ನಾನು ಕೆಲಸ ಮಾಡ್ತಿರ್ತೀನಿ. ಮಾತಾಡಿಸಲ್ಲ."

ಬೇಡವೆನ್ನುತ್ತಾಳೆಂದುಕೊಂಡಿದ್ದೆ. ಅವಳು ಸೋಫಾದ ದಿಂಬು ಎಳೆದುಕೊಂಡು ಕಾಲು ಮಡಚಿ ಅಡ್ಡಾದಳು. ನೋಡುತ್ತಿದ್ದಂತೆ ಉಸಿರು ಭಾರವಾಯಿತು. ನಾನು ಫೋನಿನ ಸದ್ದು ನಿಲ್ಲಿಸಿದೆ. ಆಫೀಸಿನ ಮೀಟಿಂಗಿಗೆ ಬರುವುದಿಲ್ಲವೆಂದು ಬರೆದೆ. ಕಾಲು ಜೋಮು ಹಿಡಿಯಿತು. ಕುರ್ಚಿಯ ಗುಂಡಿ ಒತ್ತಿದರೆ ಮೋಟರಿನ ಸದ್ದಿಗೆ ಎಚ್ಚರವಾದೀತೆಂದು ಹಾಗೇ ತಡೆದುಕೊಂಡು ಕೂತೆ.

ಅವಳು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಂಜೆಯಾಗುತ್ತಿತ್ತು. ಎಲ್ಲಿದ್ದೇನೆಂದು ತಿಳಿಯದೆ ಒಂದು ಗಳಿಗೆ ಸೂರು ನೋಡಿದಳು.

"ಹಸಿವಿ ಆಗೇದ," ಎಂದಳು.

"ಫ್ರಿಜ್ಜಲ್ಲಿ ಹುಳಿ ಇದೆ. ಅಕ್ಕಿ ನೀನೇ ಹುಡುಕ್ಕೋಬೇಕು, ಅವತ್ತು ಎಲ್ಲಿಟ್ರೋ ನಂಗೆ ಗೊತ್ತಿಲ್ಲ."

ಎದ್ದು ಹೋಗಿ ಹುಡುಕಿದಳು. ಕುಕ್ಕರಿನ ಮೊದಲ ಸೀಟಿ ಬರುವವರೆಗೂ ಅಡುಗೆಮನೆಯ ಡ್ರಾಯರುಗಳನ್ನು ತೆಗೆದು ಮುಚ್ಚುತ್ತ, ಒಂದೊಂದು ಡಬ್ಬಿಯನ್ನೂ ಎತ್ತಿ ಹಿಡಿದು, "ಇದು ಎಲ್ಲಿತ್ತು? ಇದು?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಕೂತಲ್ಲಿಂದಲೇ ಹೇಳುತ್ತಿದ್ದೆ.